ಎಡಗೈ ಎತ್ತಿದ ಬಲಗೈ

ನಾನು ಮೂಳೆ ಡಾಕ್ಟರು. ಸ್ತನ ಕ್ಯಾನ್ಸರಿಗೂ ನನಗೂ ನೇರ ಸಂಬಂಧವಿಲ್ಲ. ಆದರೂ ಮಂಡ್ಯದಲ್ಲಿ ವಾರಕ್ಕೊಮ್ಮೆ ಕೂರುವ ಅಂಗವೈಕಲ್ಯ ಮಂಡಳಿಗೆ ಆ ರೋಗ ದಾಟಿ ಬಂದ ಹೆಂಗಸರು ಯಾರೇ ಬರಲಿ, ಅವರ ಫೈಲು ನನ್ನ ಮೇಜಿಗೇ ಬಂದು ಬೀಳುತ್ತದೆ. ಕಾನೂನಿನ ಪಟ್ಟಿಯಲ್ಲಿ ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳಿವೆ, ಕ್ಯಾನ್ಸರ್ ಅದರಲ್ಲಿಲ್ಲ. ಎದೆ ತೆಗೆದುಹಾಕಿದ್ದಕ್ಕೆ ಒಂದು ಅಂಕವೂ ಇಲ್ಲ. ಆದರೆ ಎದೆಯ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದು, ಆಮೇಲೆ ತೋಳು ಬಾತುಕೊಂಡು, ಭುಜ ಬಿಗಿದುಕೊಂಡರೆ ಆಗ ಅದು ಚಲನೆಯ ಅಂಗವೈಕಲ್ಯ. ಚಲನೆ ಎಂದ ಮೇಲೆ ಮೂಳೆ, ಮೂಳೆ ಎಂದ ಮೇಲೆ ನಾನು. ಮಿಕ್ಕ ದಿನಗಳಲ್ಲಿ ಮದ್ದೂರಿನಲ್ಲಿ ಮುರಿದ ಕೈಕಾಲು ಕೂಡಿಸಿಕೊಂಡಿರುವವಳಿಗೆ ವಾರಕ್ಕೊಂದು ದಿನ ಈ ತಲೆನೋವು.

ಆ ದಿನ ಬಂದಾಕೆ ಮಳವಳ್ಳಿ ಕಡೆಯ ಒಂದು ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನ ಅಡುಗೆಯವರು. ಕಾಯಂ ನೌಕರಿ. ವಯಸ್ಸು ನಲವತ್ತರ ಆಸುಪಾಸು. ಬೇಸಿಗೆಯಲ್ಲೂ ಮುಂಗೈವರೆಗೆ ಬರುವ ಉದ್ದ ತೋಳಿನ ಕುಪ್ಪಸ, ಮಡಿಕೆ ಮುರಿಯದ ರೇಷ್ಮೆ ಸೀರೆ, ತಲೆತುಂಬ ಹೂವು. ಜೊತೆಯಲ್ಲಿ ಅತ್ತೆ. ಕೈಯಲ್ಲಿ ಎರಡು ಕಾಗದ. ಒಂದು, ಬಲಗೈಯಲ್ಲಿ ಭಾರದ ಕೆಲಸ ಮಾಡಿಸಕೂಡದು, ಅಡುಗೆ ಕೆಲಸಕ್ಕೆ ಅನರ್ಹರು ಎಂದು ಆಪರೇಷನ್ ಮಾಡಿದ ಕಡೆಯಿಂದ ಬಂದದ್ದು. ಇನ್ನೊಂದು, ಹಿಂದೆ ಯಾವುದೋ ಶಿಬಿರದಲ್ಲಿ ಗುಂಪಿನೊಳಗೆ ನೋಡಿ ಕೊಟ್ಟದ್ದು, ಅಂಗವೈಕಲ್ಯ ಶೇಕಡ ಹನ್ನೆರಡು ಎಂದು. ಇವೆರಡನ್ನೂ ಓದಿಕೊಂಡ ಇಲಾಖೆಯ ತಾಲ್ಲೂಕು ಅಧಿಕಾರಿ ನೋಟಿಸು ಕೊಟ್ಟಿದ್ದರು. ಅಡುಗೆ ಮಾಡಲು ಆಗದಿದ್ದರೆ ಸೇವೆಯಿಂದ ಬಿಡುಗಡೆ. ಅಂಗವಿಕಲರೆಂದು ಬೇರೆ ಕೆಲಸ ಬೇಕೆಂದರೆ ಶೇಕಡ ನಲವತ್ತರ ಪ್ರಮಾಣಪತ್ರ ತರುವುದು.

ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಕೆಲಸ ಮಾಡುವಷ್ಟು ಗಟ್ಟಿಯಲ್ಲ, ಅಂಗವಿಕಲೆ ಅನ್ನಿಸಿಕೊಳ್ಳುವಷ್ಟು ಕೆಟ್ಟೂ ಇಲ್ಲ. ಎರಡು ಕಾಗದದ ನಡುವೆ ಆಕೆಯ ನೌಕರಿ ನೇತಾಡುತ್ತಿತ್ತು.

“ಬಲಗೈ ಮೇಲೆತ್ತಮ್ಮ, ನೋಡೋಣ” ಎಂದೆ.

“ಆಯ್ತದೆ ಮೇಡಮ್ಮೋರೆ” ಎಂದ ಆಕೆ ಎದ್ದು ನಿಂತು, ಎರಡು ಕೈ ಜೋಡಿಸಿ, ಗರ್ಭಗುಡಿಯ ಮುಂದೆ ನಿಂತವರ ಹಾಗೆ ತಲೆಯ ಮೇಲಕ್ಕೆತ್ತಿ ನಮ್ಮ ಮಂಡಳಿಗೇ ಒಂದು ನಮಸ್ಕಾರ ಹಾಕಿದಳು.

ಪಕ್ಕದ ಕುರ್ಚಿಯಲ್ಲಿದ್ದ ಮಂಡಳಿಯ ಹಿರಿಯ ಸರ್ಜನ್ನರು ಪೆನ್ನೆತ್ತಿಕೊಂಡರು. “ಪೂರ್ತಿ ಎತ್ತಿದರಲ್ಲ. ಭುಜ ನಾರ್ಮಲ್. ಮುಂದಿನದು ಕೇಳಿ.”

ಮುಂದಿನದು ಎಂದರೆ ಅಂಗವೈಕಲ್ಯ ಅಳೆಯುವ ಕೈಪಿಡಿಯಲ್ಲಿ ಕೊಟ್ಟಿರುವ ದಿನನಿತ್ಯದ ಕೆಲಸಗಳು. ಮೇಲಿಂದ ಸಾಮಾನು ಇಳಿಸುವುದು, ಮೂಗು ಮುಟ್ಟುವುದು, ಊಟ ಮಾಡುವುದು, ತಲೆ ಬಾಚಿ ಜಡೆ ಹಾಕುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು. ಇದನ್ನು ಬರೆದವರು ಯಾರೋ ಆಫೀಸಿಗೆ ಹೋಗುವ ಗಂಡಸರೇ ಇರಬೇಕು ಎಂದು ನನಗೆ ಪ್ರತಿ ವಾರವೂ ಅನ್ನಿಸುತ್ತದೆ. ಒಂದೊಂದನ್ನೂ ಕೇಳಿದೆ. ಒಂದೊಂದಕ್ಕೂ ಆಕೆಯದು ಒಂದೇ ಉತ್ತರ. ಆಯ್ತದೆ. ಜಡೆ ಹಾಕ್ಕೋತೀಯಾ? ಆಯ್ತದೆ. ಗುಂಡಿ? ಆಯ್ತದೆ.

ಹಿಂದೆ ನಿಂತಿದ್ದ ಅತ್ತೆ ತಡೆಯಲಾರದೆ ಮುಂದೆ ಬಂದರು. “ಏನ್ ಆಯ್ತದೆ? ಬೆಳಿಗ್ಗೆ ಜಡೆ ಆಕ್ದೋಳು ನಾನು. ಕುಬ್ಸದ ಗುಂಡಿ ಆಕ್ದೋಳು ನಾನು. ಮನೇಲಿ ಮುದ್ದೆಗೆ ಇಟ್ಟು ತೊಳ್ಸೋಳೂ ನಾನೇಯ. ಇಲ್ ಬಂದು ಆಯ್ತದೆ ಆಯ್ತದೆ ಅಂತಾವ್ಳಲ್ಲ, ಇವ್ಳ್ ಬಾಯಿಗೆ ಏನಾಗದೆ?”

“ಸುಮ್ನಿರತ್ತೆ. ದೊಡ್ಡೋರ್ ಮುಂದೆ ನಿಂತ್ಕಂಡು ಆಗಕಿಲ್ಲ ಅನ್ನಾಕಾಯ್ತದಾ?”

ನನಗೆ ಸಿಟ್ಟು ಬಂತು. ನಾನೂ ಹನಕೆರೆಯ ಹುಡುಗಿಯೇ, ಈ ‘ಆಯ್ತದೆ’ ರೋಗ ನನಗೆ ಹೊಸದಲ್ಲ. ನಮ್ಮ ಕಡೆ ಹೆಂಗಸು ‘ಕೈಲಾಗಲ್ಲ’ ಎಂದರೆ ಅದು ಅವಳ ತವರಿಗೂ ತಟ್ಟುವ ಬೈಗುಳ. ಹೆತ್ತ ವಾರಕ್ಕೇ ಸೌದೆ ಹೊತ್ತೆ ಎಂದು ಹೇಳಿಕೊಳ್ಳುವ ಜನ. ಅಂಥವರನ್ನು ಕರೆದು, ಸಾಲಾಗಿ ಅಧಿಕಾರಿಗಳನ್ನು ಕೂರಿಸಿ, ಇದು ಮಾಡ್ತೀಯಾ ಅದು ಮಾಡ್ತೀಯಾ ಎಂದು ಕೇಳಿದರೆ ಅವರು ಅದನ್ನು ಪರೀಕ್ಷೆ ಎಂದೇ ತಿಳಿಯುತ್ತಾರೆ. ಪರೀಕ್ಷೆಯಲ್ಲಿ ಪಾಸಾಗಬೇಕು ತಾನೆ? ಪಾಸಾದರೆ ಇಲ್ಲಿ ಫೇಲು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಸೀರೆಯೂ ಅದಕ್ಕೇ, ಹೂವೂ ಅದಕ್ಕೇ.

“ಇನ್ನೊಂದು ಸಲ ಕೈ ಮುಗಿಯಮ್ಮ” ಎಂದೆ. ಮುಗಿದಳು. ಈ ಸಲ ನಾನು ಮುಖ ಬಿಟ್ಟು ಮೊಣಕೈ ನೋಡುತ್ತಿದ್ದೆ. ಎಡಗೈ ಮೇಲೇಳುತ್ತಿತ್ತು. ಬಲಗೈ ಅದಕ್ಕೆ ಅಂಟಿಕೊಂಡು ಜೊತೆಯಲ್ಲಿ ಹೋಗುತ್ತಿತ್ತು ಅಷ್ಟೆ. ಅಂಗೈಗೆ ಅಂಗೈ ಒತ್ತಿ ಒಳ್ಳೆಯ ಕೈ ಕೆಟ್ಟ ಕೈಯನ್ನು ಹೊತ್ತುಕೊಂಡು ಹೋಗಿ ತಲೆಯ ಮೇಲೆ ನಿಲ್ಲಿಸುತ್ತಿತ್ತು. ನಮಸ್ಕಾರವನ್ನು ಅನುಮಾನದಿಂದ ನೋಡುವವರು ಯಾರು? ಶಿಬಿರದಲ್ಲಿ ಹನ್ನೆರಡು ಬಂದದ್ದು ಹೇಗೆಂದು ನನಗಾಗ ತಿಳಿಯಿತು.

“ಎಡಗೈನ ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೆ ಕೂತ್ಕೋ. ಈಗ ಎತ್ತು, ಬಲಗೈ ಒಂದನ್ನೇ.”

ಕೈ ಪಕ್ಕಕ್ಕೆ ಎದ್ದಿತು. ಭುಜದ ಮಟ್ಟಕ್ಕೆ ಬರುವ ಮೊದಲೇ ನಿಂತಿತು. ಕತ್ತಿನ ನರ ಉಬ್ಬಿತು, ಮೈ ಎಡಕ್ಕೆ ವಾಲಿತು. ಹೂವು ಕೆನ್ನೆ ಮೇಲೆ ಬಿತ್ತು. ಕೋನಮಾಪಕ ಹಿಡಿದು ನೋಡಿದೆ, ತೊಂಬತ್ತು ಡಿಗ್ರಿಯೂ ದಾಟಿರಲಿಲ್ಲ. ಕುಪ್ಪಸದ ತೋಳು ಬಿಚ್ಚಿಸಿ ಟೇಪು ಹಿಡಿದೆ. ಮಣಿಕಟ್ಟು, ಮೊಣಕೈ ಕೆಳಗೆ, ಮೊಣಕೈ ಮೇಲೆ. ಎಡತೋಳಿಗೆ ಒಂದು ಸುತ್ತು ಬಂದಷ್ಟು ಟೇಪು ಬಲತೋಳನ್ನು ಸುತ್ತಲು ಸಾಲದು, ಅಷ್ಟು ವ್ಯತ್ಯಾಸ. ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯುತ್ತಿತ್ತು. ಆದರೆ ಊತವನ್ನು ಎಲ್ಲಿ ಬರೆಯುವುದು? ಕೈಪಿಡಿಯಲ್ಲಿ ಅದಕ್ಕೆ ಜಾಗವಿಲ್ಲ. ಬಲ ನೋಡಿದೆ. ನನ್ನ ಕೈಯನ್ನು ಒಂದು ಸಲ ಚೆನ್ನಾಗಿಯೇ ತಳ್ಳಿದಳು, ಐದಕ್ಕೆ ನಾಲ್ಕು. ಮತ್ತೆ ಮತ್ತೆ ತಳ್ಳಿಸಿದಾಗ ತೋಳು ನಡುಗಿ ಕೆಳಗಿಳಿಯಿತು. ಕೈಪಿಡಿ ಕೇಳುವುದು ಒಂದೇ ಸಲದ ಬಲವನ್ನು. ಹಾಸ್ಟೆಲಿನ ಹಂಡೆಯಲ್ಲಿ ಮುದ್ದೆಯ ಹಿಟ್ಟು ಒಂದೇ ಸಲಕ್ಕೆ ತಿರುವಿ ಮುಗಿಯುವುದಿಲ್ಲ.

ಲೆಕ್ಕ ಹಾಕಿದೆ. ಚಲನೆಗೆ ಇಷ್ಟು, ಬಲಕ್ಕೆ ಇಷ್ಟು, ದಿನನಿತ್ಯದ ಕೆಲಸಕ್ಕೆ ಇಷ್ಟು, ಬಲಗೈ ಎಂದು ಮೇಲೆ ಒಂದಿಷ್ಟು. ಇವನ್ನು ಸುಮ್ಮನೆ ಕೂಡುವಂತಿಲ್ಲ. ಸೂತ್ರವೊಂದಿದೆ, ಅದರಲ್ಲಿ ಹಾಕಿದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಎಷ್ಟು ಸಲ ಹಾಕಿದರೂ ಶೇಕಡ ಇಪ್ಪತ್ತೊಂಬತ್ತು.

ಸರ್ಜನ್ನರು ಒಳ್ಳೆಯ ಮನುಷ್ಯ. ದನಿ ತಗ್ಗಿಸಿ, “ಹನ್ನೊಂದಕ್ಕೆ ಯಾಕೆ ಜಿಪುಣತನ? ನಲವತ್ತು ಹಾಕಿ ಕಳಿಸೋಣ. ಪಾಪ, ಬದುಕಿಕೊಳ್ಳಲಿ” ಎಂದರು.

ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅಧಿಕಾರಿ ಅನುಮಾನಪಟ್ಟು ಮರುಪರಿಶೀಲನೆಗೆ ಬರೆಯುತ್ತಾರೆ. ಬೇರೆ ಡಾಕ್ಟರು ಬೇರೆ ಟೇಪು ಹಿಡಿದು ಮತ್ತೆ ಇಪ್ಪತ್ತೊಂಬತ್ತೇ ತರುತ್ತಾರೆ. ಆಗ ಸುಳ್ಳು ಪ್ರಮಾಣಪತ್ರ ತಂದವಳು ಎಂದು ಮೊದಲು ಮನೆಗೆ ಹೋಗುವವಳು ಇವಳೇ. ಆಗುವುದಿಲ್ಲ ಸರ್ ಎಂದೆ.

ಅತ್ತೆಗೆ ಕೇಳಿಸಿತು. “ಯಾಕಮ್ಮ, ನಿಮ್ಮಪ್ಪನ ಮನೆ ಗಂಟು ಓಯ್ತದಾ? ವೈದ್ಯನಾಥಪುರದ ಸ್ವಾಮಿಗೆ ಅರಕೆ ಒತ್ತೆ, ಆ ಸ್ವಾಮಿನೂ ಇಷ್ಟು ಪರ್ಸೆಂಟು ಅಷ್ಟು ಪರ್ಸೆಂಟು ಅಂತ ಕೇಳ್ನಿಲ್ಲ. ನೀವ್ ಕೇಳ್ತೀರಿ!”

“ಸ್ವಾಮಿ ಸೈನ್ ಹಾಕಂಗಿದ್ರೆ ಅಲ್ಲಿಗೇ ಓಗಿ” ಎಂದು ನಾನೂ ಹನಕೆರೆ ಭಾಷೆಯಲ್ಲೇ ಕಿರುಚಿದೆ. ಸೊಸೆ ಇಬ್ಬರ ನಡುವೆ ನಿಂತು, ನನಗೊಂದು ನಮಸ್ಕಾರ ಹಾಕಿ, ಅತ್ತೆಯನ್ನು ಎಳೆದುಕೊಂಡು ಹೋದಳು. ಹೋಗುವಾಗ ಮೆಲ್ಲಗೆ ಒಂದು ಮಾತು ಕೇಳಿಕೊಂಡಳು. “ಕೈ ಅಂತ ಬರೀರಿ ಮೇಡಮ್ಮೋರೆ. ಎದೆ ಅಂತ ಬರೀಬ್ಯಾಡಿ. ಆಸ್ಟೆಲ್ನಲ್ಲಿ, ಊರಲ್ಲಿ, ಕೈಗೆ ಗಡ್ಡೆ ಅಂತ್ಲೇ ಯೋಳಿವ್ನಿ.” ಕಾರಣ ಬರೆಯದೆ ಪ್ರಮಾಣಪತ್ರ ಕೊಡಲು ಬರುವುದಿಲ್ಲ ಎಂದೆ. ತಲೆ ತಗ್ಗಿಸಿ ಹೋದಳು.

ಮತ್ತೆ ನಾನು ಆಕೆಯನ್ನು ನೋಡಿದ್ದು ಮದ್ದೂರಿನಲ್ಲಿ, ನಾನು ಕೆಲಸ ಮಾಡುವ ಆಸ್ಪತ್ರೆಯ ವಾರ್ಡಿನಲ್ಲಿ. ಚಳಿಜ್ವರ. ಬಲತೋಳು ಭುಜದಿಂದ ಬೆರಳವರೆಗೆ ಕೆಂಪಗೆ, ಮುಟ್ಟಿದರೆ ಸುಡುವಷ್ಟು ಬಿಸಿ. ಕಂಕುಳಿನ ಗ್ರಂಥಿಗಳಿಲ್ಲದ ತೋಳಿಗೆ ಒಂದು ಸಣ್ಣ ಸುಟ್ಟ ಗಾಯ ಸಾಕು, ಸೋಂಕು ಮೇಲಕ್ಕೇರುತ್ತದೆ. ಮುಂಗೈಯಲ್ಲಿ ಹಿಟ್ಟು ಸಿಡಿದ ಗುರುತಿತ್ತು. ಕೇಳದೆಯೇ ಗೊತ್ತಾಯಿತು. ಡ್ಯೂಟಿಗೆ ಹೋಗಿದ್ದಾಳೆ. ಒಲೆಯ ಮುಂದೆ, ಕವೆಗೋಲಿನಿಂದ ಹಂಡೆ ಒತ್ತಿ ಹಿಡಿದು, ದೊಣ್ಣೆ ಹಾಕಿ ಹಾಸ್ಟೆಲಿಗಾಗುವಷ್ಟು ರಾಗಿಹಿಟ್ಟನ್ನು ಗಂಟಿಲ್ಲದಂತೆ ತಿರುವಿದ್ದಾಳೆ.

“ಯಾಕಮ್ಮ ಹಿಟ್ಟು ತೊಳಸಿದೆ? ಆಗಲ್ಲ ಅನ್ನೋಕೆ ಏನಾಗಿತ್ತು ನಿನಗೆ?”

“ಮಕ್ಳು ಅಸ್ಕಂಡು ಕುಂತಿದ್ವು.”

“ಅಧಿಕಾರಿಗೆ ನನ್ನ ಸರ್ಟಿಫಿಕೇಟು ತೋರಿಸಲಿಲ್ವಾ?”

“ತೋರುಸ್ದೆ ಮೇಡಮ್ಮೋರೆ. ಇಪ್ಪತ್ತೊಂಬತ್ತು ಓಗದೆ, ಇನ್ನೂ ಎಪ್ಪತ್ತೊಂದು ಅದಲ್ಲಮ್ಮ, ಅದ್ರಲ್ಲಿ ತೊಳ್ಸು ಅಂದ್ರು.”

ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಹೊರಗೆ ಸಾಲು ಬೆಳೆಯುತ್ತಿದ್ದರೂ ಕಾಯ್ದೆಯ ಮೂಲ ಪ್ರತಿಯನ್ನು ಫೋನಿನಲ್ಲಿ ತೆರೆದೆ. ನಮಗೆ ತರಬೇತಿಯಲ್ಲಿ ಕಲಿಸುವುದು ಅಳೆಯುವುದನ್ನು. ಅಳತೆ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದು ನಮ್ಮ ಪಾಠದಲ್ಲಿಲ್ಲ. ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದ ಸರ್ಕಾರಿ ನೌಕರರ ಬಗ್ಗೆ ಒಂದು ಕಲಂ ಇದೆ. ಅಂಥವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಹುದ್ದೆ ಇಲ್ಲದಿದ್ದರೆ ಸಿಗುವವರೆಗೆ ಹೆಚ್ಚುವರಿ ಹುದ್ದೆಯಲ್ಲಾದರೂ ಇಟ್ಟುಕೊಳ್ಳಬೇಕು. ನಲವತ್ತು ಎಲ್ಲಿದೆ ಎಂದು ಹುಡುಕಿದೆ. ಆ ಕಲಮಿನಲ್ಲಿ ಇಲ್ಲ. ನಲವತ್ತು ಇರುವುದು ಮೀಸಲಾತಿಗೆ, ಅಂಥ ಕೆಲವು ಸವಲತ್ತುಗಳಿಗೆ. ಇದ್ದ ಕೆಲಸ ಉಳಿಸಿಕೊಳ್ಳುವುದಕ್ಕೆ ಯಾರೂ ನಲವತ್ತು ಕೇಳಿಲ್ಲ. ಅಂಗವೈಕಲ್ಯ ಇರಬೇಕು, ಅದು ಸೇವೆಯಲ್ಲಿದ್ದಾಗ ಬಂದಿರಬೇಕು, ಅಷ್ಟೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ವರವನ್ನೇ ಓದಿರಲಿಲ್ಲ.

ಅಲ್ಲಿಗೆ ಅಂಕಿಯ ಜಗಳ ಬಿಟ್ಟೆ. ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತಾಗಿಯೇ ಇರಲಿ. ಅದರ ಜೊತೆಗೆ ಮಂಡಳಿಯಿಂದ ಒಂದು ಅಭಿಪ್ರಾಯ ಬರೆದು ಕೊಡಬೇಕೆಂದು ತೀರ್ಮಾನಿಸಿದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ನಂತರ ಬಲಗೈಗೆ ಬಂದ ಶಾಶ್ವತ ತೊಂದರೆ. ಸೇವೆಯಲ್ಲಿದ್ದಾಗ ಬಂದದ್ದು. ಒಲೆಯ ಝಳ, ಭಾರ ಎತ್ತುವುದು, ಒಂದೇ ಸಮನೆ ತಿರುವುವುದು ಈ ಕೈಗೆ ಅಪಾಯ, ಈಗಾಗಲೇ ಒಮ್ಮೆ ಸೋಂಕಾಗಿ ದಾಖಲಾಗಿದ್ದಾರೆ. ಬೇರೆ ಹಗುರ ಕೆಲಸಕ್ಕೆ ಪೂರ್ತಿ ಸಮರ್ಥರು. ಮುಂದಿನ ವಾರ ಸರ್ಜನ್ನರ ಮುಂದಿಟ್ಟೆ.

“ನಾವು ಪರ್ಸೆಂಟು ಕೊಡೋರು. ಕಾನೂನು ಹೇಳೋರಲ್ಲ.”

“ಕೈಲಿ ಏನಾಗುತ್ತೆ, ಏನಾಗಲ್ಲ ಅನ್ನೋದು ಕಾನೂನಲ್ಲ ಸರ್. ಅದೇ ನಮ್ಮ ಕೆಲಸ. ನಲವತ್ತು ಹಾಕೋಕೆ ತಯಾರಿದ್ದವರು ನಿಜ ಬರೆಯೋಕೆ ಯಾಕೆ ಹೆದರ್ತೀರಿ?”

ಕನ್ನಡಕ ತೆಗೆದು ಒರೆಸಿಕೊಂಡರು. ನಡುವೆ ಒಂದು ಪದ ತಿದ್ದಿ ಸಹಿ ಹಾಕಿದರು.

ಕಾಗದವೇನೋ ಹೋಯಿತು. ಉತ್ತರವಾಗಿ ಮಳವಳ್ಳಿಯಲ್ಲಿ ವಿಚಾರಣೆ ಎಂದು ಆಕೆಗೆ ಕರೆ ಬಂತು. ಕಾಗದ ಕಳಿಸಿ ಸುಮ್ಮನೆ ಕೂತರೆ ಏನಾಗುತ್ತದೆಂದು ನೋಡಿಯಾಗಿತ್ತು. ರಜೆ ಹಾಕಿ ನಾನೂ ಬಸ್ಸು ಹತ್ತಿದೆ. ಭಾರತೀನಗರದಲ್ಲಿ ಕಬ್ಬಿನ ಟ್ರಾಕ್ಟರುಗಳು ರಸ್ತೆಯನ್ನೇ ಕಟ್ಟಿಕೊಂಡು ನಿಂತಿದ್ದವು. ಕಂಡಕ್ಟರು ಕೆಳಗಿಳಿದು ಬೀಡಿ ಹಚ್ಚಿದ. ಮಳವಳ್ಳಿ ತಲುಪುವಷ್ಟರಲ್ಲಿ ನನ್ನ ತಲೆ ಹಿಟ್ಟಿನ ಹಂಡೆಯಂತೆ ಕುದಿಯುತ್ತಿತ್ತು.

ಅಧಿಕಾರಿ ಕೆಟ್ಟವರಲ್ಲ. ಅದೇ ಇನ್ನೂ ಕಷ್ಟ. ಟೀ ತರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು, ಆಮೇಲೆ, “ಏನ್ ಮಾಡೋದು ಮೇಡಂ, ನಲವತ್ತಿಲ್ಲವಲ್ಲ” ಎಂದರು.

ಕಲಮನ್ನು ಮುಂದಿಟ್ಟೆ. ನಿಧಾನವಾಗಿ ಓದಿದರು. “ಇದು ಕಾಯ್ದೆ ಮೇಡಂ. ನಮಗೆ ಸುತ್ತೋಲೆ ಬೇಕು.”

“ಕಾಯ್ದೆ ದೊಡ್ಡದಾ, ಸುತ್ತೋಲೆ ದೊಡ್ಡದಾ?”

“ಕಾಯ್ದೆಯೇ ದೊಡ್ಡದು. ಆದರೆ ಆಡಿಟ್ಟಿನವರು ಕೇಳೋದು ಸುತ್ತೋಲೆ.” ಅವರು ನಿಜವಾಗಿಯೂ ಹೆದರಿದ್ದರು. “ಅಲ್ಲ ಮೇಡಂ, ಕೈ ಊತಕ್ಕೆಲ್ಲ ಹೀಗೆ ಬೇರೆ ಕೆಲಸ ಕೊಡ್ತಾ ಹೋದರೆ ಅಡುಗೆ ಮಾಡೋರ್ಯಾರು?” ಎಂದು ಆಕೆಯ ಕಡೆ ತಿರುಗಿದರು. “ನೀವೇ ಹೇಳಿಯಮ್ಮ. ಡ್ಯೂಟಿಗೆ ಹಾಕಿದಾಗ ಅಡುಗೆ ಮಾಡಿದಿರಲ್ಲ. ಆಗುತ್ತೆ ತಾನೆ?”

ಕೋಣೆಯಲ್ಲಿ ಹಾಸ್ಟೆಲಿನ ವಾರ್ಡನ್ ಇದ್ದರು, ಗುಮಾಸ್ತರಿದ್ದರು. ಇವಳು ಈಗ ಆಯ್ತದೆ ಅಂದರೆ ಎಲ್ಲವೂ ಮುಗಿದ ಹಾಗೆ. ಜೊತೆಗೆ ಬಂದಿದ್ದ ಅತ್ತೆ ಬಾಯಿ ತೆರೆಯಲು ಹೊರಟರು, ನಾನು ಅವರ ಸೆರಗು ಹಿಡಿದೆಳೆದೆ. ಹೇಳಿದರೆ ಇವಳೇ ಹೇಳಬೇಕು.

ಆಕೆ ಕುಪ್ಪಸದ ತೋಳಿನ ಗುಂಡಿಯನ್ನು ಎಡಗೈಯಿಂದ ಬಿಚ್ಚಿ ಮೇಲಕ್ಕೆ ಸರಿಸಿದಳು. ಅರ್ಧಕ್ಕೇ ಬಿಗಿದು ನಿಂತಿತು. “ಆಗಕಿಲ್ಲ ಸಾ” ಎಂದಳು. “ಗಡ್ಡೆ ಕೈದಲ್ಲ, ಎದೇದು. ಬಲಗಡೆ ಎದೇನೇ ತೆಗ್ದವ್ರೆ. ಕಂಕುಳ ಗಂಟೂ ತೆಗ್ದವ್ರೆ. ಅವತ್ತು ಮಾಡ್ದೆ, ಜೀವ ಓಗಿ ಬಂತು. ಇನ್ನು ಮಾಡಾಕೆ ಆಗಕಿಲ್ಲ.”

ವಾರ್ಡನ್ ಬಾಯಿಗೆ ಕೈ ಅಡ್ಡ ಹಿಡಿದರು. ಗುಮಾಸ್ತರು ಕಿಟಕಿ ನೋಡಿದರು. ಅಧಿಕಾರಿ ಬೆವರು ಒರೆಸಿಕೊಂಡು, ಮೇಲಿನವರನ್ನು ಕೇಳಿ ಬೇರೆ ಹುದ್ದೆಯ ಆದೇಶ ಮಾಡುತ್ತೇನೆ ಎಂದರು. ಹೊರಗೆ ಬಂದ ಮೇಲೆ ಆಕೆ ಅತ್ತಳು. ಅತ್ತೆ ಬೈಯುತ್ತಲೇ ಸೆರಗಿನಿಂದ ಅವಳ ಮುಖ ಒರೆಸಿದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಸಿಟ್ಟಿಗೋ ಏನೋ.

ಆದೇಶ ಬರಲು ಬಹಳ ಕಾಲ ಹಿಡಿಯಿತು. ಕೊನೆಗೊಂದು ದಿನ ಅತ್ತೆ ಫೋನು ಮಾಡಿ, ಪಕ್ಕದ ಮನೆಯ ಹುಡುಗಿಯಿಂದ ಓದಿಸಿದರು. ಅಂಗವೈಕಲ್ಯವನ್ನು ಪರಿಗಣಿಸಿ, ಸಹಾನುಭೂತಿಯ ಮೇರೆಗೆ, ಅದೇ ವೇತನ ಶ್ರೇಣಿಯಲ್ಲಿ, ಅದೇ ಹಾಸ್ಟೆಲಿನಲ್ಲಿ ಅಡುಗೆ ಸಹಾಯಕರಾಗಿ ನಿಯೋಜಿಸಲಾಗಿದೆ.

ಅಡುಗೆ ಸಹಾಯಕರು! ಹಂಡೆ ಇಳಿಸುವವರು, ಅಕ್ಕಿ ಮೂಟೆ ಎಳೆಯುವವರು, ಬಾಣಲೆ ಉಜ್ಜುವವರು. ದೊಣ್ಣೆ ಕಿತ್ತುಕೊಂಡು ಹಂಡೆ ಕೊಟ್ಟಿದ್ದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಧಿಕಾರಿಗೆ ಫೋನು ಮಾಡುತ್ತೇನೆ, ಜಿಲ್ಲೆಗೆ ಬರೆಯುತ್ತೇನೆ, ಅಂಗವಿಕಲರ ಆಯುಕ್ತರಿಗೆ ದೂರು ಕೊಡುತ್ತೇನೆ ಎಂದು ಕೂಗಾಡಿದೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದ ರೋಗಿ ಗಾಬರಿಯಾದ.

“ಬುಡಿ ಡಾಕ್ಟ್ರಮ್ಮ” ಎಂದರು ಅತ್ತೆ. “ಅವ್ಳೇ ಓಗವ್ಳೆ ಆಪೀಸ್ಗೆ. ಬೆಳಿಗ್ಗೇನೇ ಓದ್ಲು. ನಾನೂ ಬತ್ತೀನಿ ಕಣ್ಲೇ ಅಂದ್ರೆ ಬ್ಯಾಡ ಅಂದ್ಲು.”

ಆ ದಿನ ಫೋನು ಬರಲಿಲ್ಲ. ಹೇಗೂ ಅಲ್ಲಿ ಕೈ ಮುಗಿದು, ಆಯ್ತದೆ ಅಂದು ಬಂದಿರುತ್ತಾಳೆ ಎಂದುಕೊಂಡೆ. ಮಾರನೆಯ ದಿನ ಆಕೆಯೇ ಮಾಡಿದಳು. ಆದೇಶ ಬದಲಾಗಿತ್ತು. ಮಳವಳ್ಳಿಯ ಇನ್ನೊಂದು ಹಾಸ್ಟೆಲಿನಲ್ಲಿ ಮಕ್ಕಳ ಹಾಜರಿ, ರೂಮಿನ ಬೀಗದ ಕೈ ನೋಡಿಕೊಳ್ಳುವ ಕೆಲಸ. ಅದೇ ಸಂಬಳ. ನನಗೆ ನಂಬಿಕೆಯಾಗಲಿಲ್ಲ.

“ಏನಂದೆ ಅವರಿಗೆ?”

“ಏನೂ ಅನ್ನಿಲ್ಲ. ಈ ಆರ್ಡ್ರು ಈಸ್ಕಳಾಕಿಲ್ಲ ಅಂತ ಯೋಳ್ದೆ. ನಾಳೆ ಬಾ ಅಂದ್ರು. ಮನ್ಗೆ ಓಗ್ನಿಲ್ಲ. ಅವ್ರ್ ಬಾಗ್ಲಲ್ಲೇ ಕುಂತೆ.”

“ಎಷ್ಟೊತ್ತು?”

“ಅವ್ರು ಬರ್ಕೊಡೋಗಂಟ” ಎಂದಳು. “ಕುಂತ್ಕಳಾಕೆ ಕೈ ಬೇಕಾಗಿಲ್ವಲ್ಲ ಮೇಡಮ್ಮೋರೆ.”